ಅರಿಯದೆ ಇತ್ತ ಒಪ್ಪಿಗೆ

ಕೊಡದುದನ್ನು ತೆಗೆದುಕೊಳ್ಳದಿರುವುದೇ ಅಚೌರ್ಯ ವ್ರತದ ತಿರುಳು. ಆದರೆ ಕೊಟ್ಟವನಿಗೇ ತಾನು ಕೊಟ್ಟೆನೆಂಬ ಅರಿವಿಲ್ಲದಿದ್ದರೆ ಆ ವಸ್ತು ದತ್ತವೋ, ಅದತ್ತವೋ? ಗಣಕಯಂತ್ರಗಳ ಈಚಿನ ಇತಿಹಾಸವು ಈ ಹಳೆಯ ಪ್ರಶ್ನೆಯನ್ನು ಹೊಸ ರೂಪದಲ್ಲಿ ನಮ್ಮ ಮುಂದಿರಿಸಿದೆ.

2001ರಲ್ಲಿ ಕಾಜಾ ಎಂಬ ತಂತ್ರಾಂಶವು ಬಳಕೆಗೆ ಬಂದಿತು. ಹಾಡು, ಚಲನಚಿತ್ರ ಮುಂತಾದವುಗಳ ಕಡತಗಳನ್ನು ಬಳಕೆದಾರರು ತಮ್ಮತಮ್ಮಲ್ಲೇ ವಿನಿಮಯ ಮಾಡಿಕೊಳ್ಳಲು ಅದು ನೆರವಾಗುತ್ತಿತ್ತು. ಉಚಿತವಾಗಿದ್ದುದರಿಂದ ಅಪಾರ ಜನಪ್ರಿಯತೆಯನ್ನೂ ಗಳಿಸಿತು. ಅದರೊಡನೆ ಬ್ರಿಲಿಯಂಟ್ ಡಿಜಿಟಲ್ ಎಂಟರ್‌ಟೈನ್‌ಮೆಂಟ್ ಎಂಬ ಅಮೆರಿಕದ ಸಂಸ್ಥೆಯ ಮತ್ತೊಂದು ತಂತ್ರಾಂಶವೂ ಸದ್ದಿಲ್ಲದೆ ಗಣಕದೊಳಗೆ ಸೇರುತ್ತಿತ್ತು. ಅದರ ಉದ್ದೇಶವು 2002ರ ಏಪ್ರಿಲ್‌ನಲ್ಲಿ, ಆ ಸಂಸ್ಥೆಯೇ ಅಮೆರಿಕದ ಷೇರು ನಿಯಂತ್ರಣ ಆಯೋಗಕ್ಕೆ ಸಲ್ಲಿಸಿದ್ದ ವರದಿಯ ಮೂಲಕ ಬಯಲಾಯಿತು. ಬಳಕೆದಾರರ ಗಣಕಗಳನ್ನೆಲ್ಲ ಜೋಡಿಸಿ ಹೊಸದೊಂದು ವಾಣಿಜ್ಯ ಜಾಲವನ್ನು ಕಟ್ಟುವುದೇ ಅದರ ಯೋಜನೆಯಾಗಿತ್ತು. ಗಣಕದ ಬಳಕೆಯಾಗದ ಶಕ್ತಿ, ಸಂಗ್ರಹಸ್ಥಳ ಹಾಗೂ ಬ್ಯಾಂಡ್‌ವಿಡ್ತ್, ಅಂದರೆ ಮಾಹಿತಿಯನ್ನು ಸಾಗಿಸುವ ಅಂತರ್ಜಾಲ ಸಂಪರ್ಕದ ಸಾಮರ್ಥ್ಯ, ಇವನ್ನು ಪ್ರತಿಫಲವಿಲ್ಲದೆ ಬಳಸುವ ಹಕ್ಕನ್ನು ಬಳಕೆದಾರನೇ ನೀಡಿದ್ದಾನೆಂದು ದೀರ್ಘ ಷರತ್ತುಪತ್ರದ ನಡುವೆ ಬರೆಯಲಾಗಿತ್ತು. ಮೊದಲು ಕೇಳಿ ಅನಂತರ ಬಳಸುವೆವೆಂದು ಸಂಸ್ಥೆಯು ಹೇಳಿತು.

ಇಂಥ ಪತ್ರಗಳನ್ನು ಓದುವವರಾದರೂ ಎಷ್ಟು ಮಂದಿ? ಪಿಸಿ ಪಿಟ್‌ಸ್ಟಾಪ್ ಎಂಬ ಸಂಸ್ಥೆಯು ಇದನ್ನು ಪರೀಕ್ಷಿಸಿತು. ನಿಗದಿತ ವಿಳಾಸಕ್ಕೆ ಬರೆದವರಿಗೆ ಬಹುಮಾನವುಂಟೆಂದು ತನ್ನ ಷರತ್ತುಗಳಲ್ಲಿಯೇ ಸೇರಿಸಿತು. ನಾಲ್ಕು ತಿಂಗಳು ಕಳೆದು, 3,000ಕ್ಕೂ ಹೆಚ್ಚು ಪ್ರತಿಗಳು ಹೋದ ಮೇಲೆ ಒಬ್ಬನೇ ಒಬ್ಬ ಬರೆದು 1,000 ಡಾಲರ್ ಪಡೆದನು. ಈ ಸಂಗತಿ 2005ರಲ್ಲಿ ಪ್ರಕಟವಾಯಿತು. ಓದುವವರಿಲ್ಲವೆಂದು ಬಲ್ಲವನು ಬರೆದ ಷರತ್ತು ತಿಳಿವಳಿಕೆ ನೀಡುವುದಕ್ಕಲ್ಲ, ಹೊಣೆಯಿಂದ ನುಣುಚಿಕೊಳ್ಳುವುದಕ್ಕೆ.

ಇದರ ಅಪಾಯವು 2015ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಇಸ್ರೇಲಿನ ಹೋಲಾ ಎಂಬ ಉಚಿತ ಸೇವೆಯು ತನ್ನ ಬಳಕೆದಾರರ ಸಂಪರ್ಕವನ್ನು ಲುಮಿನಾಟಿ ಎಂಬ ಹೆಸರಿನಲ್ಲಿ ಅನ್ಯರಿಗೆ ಮಾರುತ್ತಿದ್ದುದು ಬೆಳಕಿಗೆ ಬಂದಿತು. ಆ ಜಾಲವನ್ನು ಬಳಸಿ ಒಂದು ಅಂತರ್ಜಾಲ ತಾಣದ ಮೇಲೆ ದಾಳಿಯೂ ನಡೆದಿತ್ತು. ಯಾರೋ ಎಸಗಿದ ಕೃತ್ಯಕ್ಕೆ ಏನೂ ಅರಿಯದ ಗೃಹಸ್ಥನ ವಿಳಾಸವೇ ಮುಖವಾಡವಾಗುವುದೆಂದರೆ, ಕಳೆದುಹೋದುದು ಸಂಪರ್ಕವಷ್ಟೇ ಅಲ್ಲ, ಹೆಸರೂ ಹೌದು.

ಸಹಿ ಬಿದ್ದ ಮಾತ್ರಕ್ಕೆ ದಾನವಾಗದು. ದಾನಕ್ಕೆ ಕೊಡುವವನ ಅರಿವು ಬೇಕು. ಬಸದಿಯ ಕಚೇರಿಯ ಗಣಕದಲ್ಲಿ ಉಚಿತ ತಂತ್ರಾಂಶವನ್ನು ಸೇರಿಸುವ ಮುನ್ನ ಅದರ ಷರತ್ತುಗಳನ್ನು ಒಬ್ಬರಾದರೂ ಓದುವುದು ಟ್ರಸ್ಟಿನ ಕರ್ತವ್ಯ. ಏಕೆಂದರೆ ಅಲ್ಲಿರುವ ಸಂಪರ್ಕಕ್ಕೆ ಹಣ ತೆತ್ತವರು ಶ್ರಾವಕರು. ಹಾಗೆಯೇ ನಮ್ಮ ವ್ಯಾಪಾರದ ಕರಾರುಗಳಲ್ಲಿ ಓದಲಾರದಷ್ಟು ಸಣ್ಣ ಅಕ್ಷರಗಳು ಇವೆಯೇ ಎಂಬುದನ್ನೂ ನಾವು ನೋಡಿಕೊಳ್ಳಬೇಕು. ಅನ್ಯರಿಂದ ಅಪೇಕ್ಷಿಸುವ ನೇರ ನಡೆಯನ್ನು ಮೊದಲು ನಾವು ಪಾಲಿಸುವುದೇ ಧರ್ಮವಲ್ಲವೇ?