ಹಿಡಿದವನ ಲೆಕ್ಕ: ಕಾಸರಗೋಡಿನ ಕಬಡ್ಡಿಯಲ್ಲಿ ಕ್ಯಾಚರ್ ನಡೆದ ದಾರಿ

ಮಳೆ ನಿಂತು ಏಣೆಲು ಬೆಳೆಯ ಕೊಯ್ಲು ಮುಗಿಯಿತೆಂದರೆ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಬಸ್ ನಿಲ್ದಾಣಗಳ ಬದಿಯಲ್ಲಿ ಒಂದೇ ಬಗೆಯ ಫ್ಲೆಕ್ಸ್‌ಗಳು ಏಳುತ್ತವೆ. ಹೊನಲು ಬೆಳಕಿನ ಮುಕ್ತ ಕಬಡ್ಡಿ ಪಂದ್ಯಾಟ. ಚಿತ್ರದಲ್ಲಿ ಗಾಳಿಯಲ್ಲಿ ಚಿಮ್ಮಿದ ರೈಡರ್ ಇರುತ್ತಾನೆ. ಅವನ ಕಾಲಗಂಟನ್ನು ಬಿಗಿದ ಎರಡು ಕೈಗಳೂ ಇರುತ್ತವೆ, ಆದರೆ ಆ ಕೈಗಳ ಒಡೆಯನ ಮುಖ ಕಾಣುವುದಿಲ್ಲ. ನಾನು ಬರೆಯಹೊರಟಿರುವುದು ಆ ಮುಖದ, ರೈಡರ್‌ನನ್ನು ಹಿಡಿಯುವ ಕ್ಯಾಚರ್‌ನ ಬಗ್ಗೆ.

ಅಮೆರಿಕನ್ ಫುಟ್ಬಾಲಿನಲ್ಲೂ ಇಂಥವನೊಬ್ಬನಿದ್ದಾನೆ, ಡಿಫೆನ್ಸಿವ್ ಲೈನ್‌ಮ್ಯಾನ್. ಎದುರಾಳಿಯ ಚೆಂಡೆಸೆಯುವವನನ್ನು ಅವನ ಸಾಲಿನ ಹಿಂದೆಯೇ ನೆಲಕ್ಕೆ ಕೆಡವುವುದು ಅವನ ಕಸುಬು. 1960ರ ದಶಕದಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಡೀಕನ್ ಜೋನ್ಸ್ ಈ ಕೆಡವುವಿಕೆಗೆ ‘ಸ್ಯಾಕ್’ ಎಂಬ ಹೆಸರನ್ನು ಚಾಲ್ತಿಗೆ ತಂದರು. ಅಲ್ಲಿನ ಲೀಗ್ ಅದನ್ನು ಅಧಿಕೃತವಾಗಿ ಎಣಿಸತೊಡಗಿದ್ದು ಮಾತ್ರ 1982ರಲ್ಲಿ. ಜೋನ್ಸ್ ಆಟ ಬಿಟ್ಟು ಆಗಲೇ ಎಂಟು ವರ್ಷವಾಗಿತ್ತು. ಈ ಸಂಗತಿ ತಿಳಿದಾಗ ನನಗೆ ನೆನಪಾದವರು ನಮ್ಮ ಬೈಲುಗದ್ದೆಗಳ ಹಳೆಯ ಕ್ಯಾಚರ್‌ಗಳು. ಅವರ ಹಿಡಿತಗಳನ್ನೂ ಯಾರೂ ಬರೆದಿಟ್ಟಿಲ್ಲ.

ಲೈನ್‌ಮ್ಯಾನ್‌ನ ಮೈತೂಕ ನೂರಿಪ್ಪತ್ತು, ನೂರಮೂವತ್ತು ಕಿಲೊ ದಾಟುವುದುಂಟು. ನಮ್ಮ ಕ್ಯಾಚರ್‌ಗೆ ಆ ಸವಲತ್ತಿಲ್ಲ. ಹಿರಿಯ ಪುರುಷರ ಕಬಡ್ಡಿಯಲ್ಲಿ ತೂಕದ ಮಿತಿ 85 ಕಿಲೊ. ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅದರ ಅರ್ಧದಲ್ಲಿ ಏಳು ಮಂದಿ. ರೈಡರ್‌ಗೆ ಸಿಗುವುದು 30 ಸೆಕೆಂಡ್. ಎರಡು ಮೂಲೆಗಳಲ್ಲಿ ನಿಂತವರು ಕಾರ್ನರ್‌ಗಳು, ಕಾಲಗಂಟಿಗೂ ತೊಡೆಗೂ ಕೈ ಹಾಕುವವರು. ಅವರ ಒಳಬದಿಯಲ್ಲಿರುವ ಕವರ್‌ಗಳು ಓಡಿಬರುವವನಿಗೆ ಎದೆಯೊಡ್ಡಿ ಬ್ಲಾಕ್ ಮಾಡುತ್ತಾರೆ, ಇಲ್ಲವೇ ಡ್ಯಾಶ್ ಕೊಟ್ಟು ಅಂಕಣದ ಹೊರಗೆ ನೂಕುತ್ತಾರೆ. ಕೈಕೈ ಹಿಡಿದು ಇಬ್ಬರು ಒಂದಾಗಿ ಮುಗಿಬೀಳುವುದು ಚೈನ್. ಆಟ ತಿಳಿಯದವರು ಇದನ್ನು ಬರೀ ಬಲದ ಕೆಲಸವೆಂದುಕೊಳ್ಳುತ್ತಾರೆ. ನಿಜಕ್ಕೂ ಇದು ತಾಳ್ಮೆಯ ಕೆಲಸ. ರೈಡರ್‌ನ ತೂಕ ಯಾವ ಕಾಲಿನ ಮೇಲಿದೆ, ಅದು ಮತ್ತೊಂದು ಕಾಲಿಗೆ ಬದಲಾಗುವ ಕ್ಷಣ ಯಾವುದು ಎಂದು ಕಾಯಬೇಕು. ಅರೆಕ್ಷಣ ಮೊದಲು ಹಾರಿದರೆ ತಾನೇ ಔಟ್, ತಡವಾದರೆ ಅವನು ನಡುಗೆರೆ ಮುಟ್ಟಿರುತ್ತಾನೆ.

ಈ ವಿದ್ಯೆ ಬೆಳೆದ ನೆಲ ಗಡಿಗೆರೆಗಳನ್ನು ಅಷ್ಟಾಗಿ ಲೆಕ್ಕಿಸಿದ್ದಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳ, 1984ರ ಮೇ ತಿಂಗಳಿನಿಂದ ಸ್ವತಂತ್ರ ಜಿಲ್ಲೆ. ಆದರೂ ಕಬಡ್ಡಿ ತಂಡಗಳು ಹಳೆಯ ಜಿಲ್ಲೆಯಲ್ಲೇ ಓಡಾಡುತ್ತವೆ. ಮುಳ್ಳೇರಿಯದ ಹುಡುಗರು ವಿಟ್ಲ, ಪುತ್ತೂರಿಗೆ ಹೋಗಿ ಆಡಿಬರುತ್ತಾರೆ. ಉಳ್ಳಾಲದವರು ಉಪ್ಪಳಕ್ಕೆ ಬರುತ್ತಾರೆ. ವೀಕ್ಷಕ ವಿವರಣೆ ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳಿ, ಫೈನಲ್ ಹೊತ್ತಿಗೆ ಮಲಯಾಳವನ್ನೂ ಸೇರಿಸಿಕೊಂಡಿರುತ್ತದೆ. ಗಡಿ ಎದುರಾಗುವುದು ರಾಜ್ಯ ತಂಡದ ಆಯ್ಕೆಯಲ್ಲಿ. ಪೆರ್ಲದ ಹುಡುಗ ಕೇರಳದ ಅಂಗಿ ತೊಟ್ಟರೆ, ಕೆಲವೇ ಮೈಲು ಆಚೆ ಅಡ್ಯನಡ್ಕದಲ್ಲಿರುವ ಅವನ ಸೋದರಮಾವನ ಮಗ ತೊಡುವುದು ಕರ್ನಾಟಕದ್ದು.

ದೇಶದ ಮಟ್ಟದಲ್ಲಿ ಆಟ ಕಂಡ ಮಜಲುಗಳು ಗೊತ್ತಿರುವಂಥವೇ. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ಪ್ರದರ್ಶನ, 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್, 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಪದಕದ ಸ್ಥಾನ. ಕ್ಯಾಚರ್‌ನ ಬದುಕನ್ನು ಬುಡದಿಂದ ಬದಲಿಸಿದ್ದು ಮಾತ್ರ ಇವ್ಯಾವುವೂ ಅಲ್ಲ, ಮ್ಯಾಟ್. ಮಣ್ಣಿನ ಅಂಕಣದಲ್ಲಿ ಬರಿಗಾಲು ನೆಲವನ್ನು ಕಚ್ಚುತ್ತಿತ್ತು. ಹಿಡಿದವನು ಹೆಬ್ಬೆರಳೂರಿ ಹಿಂದಕ್ಕೆ ಜಗ್ಗಿದರೆ ರೈಡರ್ ಕದಲಲಾರ. ಮ್ಯಾಟ್ ಬಂದಾಗ ಬೂಟು ಬಂತು, ರೈಡರ್‌ಗೆ ವೇಗ ಬಂತು, ದಿಕ್ಕು ತಿರುಗಿಸುವ ಚುರುಕು ಬಂತು. ಒಬ್ಬನೇ ಜಗ್ಗಿ ನಿಲ್ಲಿಸುವ ಕಾಲ ಹೋಗಿ, ಮೂಲೆಯವನು ಕೈ ಹಾಕಿದ ಮರುಗಳಿಗೆ ಕವರ್ ಬಂದು ಮೇಲೆ ಬೀಳಲೇಬೇಕಾದ ಕಾಲ ಬಂತು. ಬೈಲಿನಲ್ಲಿ ಹುಲಿಯೆನಿಸಿದ್ದ ಎಷ್ಟೋ ಕ್ಯಾಚರ್‌ಗಳು ಮ್ಯಾಟಿನ ಮೇಲೆ ಜಾರಿದ್ದನ್ನು ಈ ಭಾಗದ ಪ್ರೇಕ್ಷಕರು ನೋವಿನಿಂದ ನೋಡಿದ್ದಾರೆ.

2014ರ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದಾಗ ಇನ್ನೊಂದು ಬದಲಾವಣೆಯಾಯಿತು: ಹಿಡಿತಕ್ಕೆ ಲೆಕ್ಕ ಬಂತು. ಯಾರು ಯಾರನ್ನು ಎಷ್ಟು ಬಾರಿ ಹಿಡಿದರು ಎಂಬುದು ಪರದೆಯ ಮೇಲೆ ಮೂಡತೊಡಗಿತು. ಒಂದೇ ಪಂದ್ಯದಲ್ಲಿ ಐದು ಟ್ಯಾಕಲ್ ಅಂಕ ಗಳಿಸಿದರೆ ‘ಹೈ ಫೈವ್’. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿರುವಾಗ ಹಿಡಿದರೆ ‘ಸೂಪರ್ ಟ್ಯಾಕಲ್’, ಒಂದರ ಬದಲು ಎರಡು ಅಂಕ. ಎರಡು ರೈಡ್ ಬರಿದಾದರೆ ಮೂರನೆಯದು ‘ಡೂ ಆರ್ ಡೈ’, ಅಂಕ ತರದ ರೈಡರ್ ಔಟ್. ಈ ಕೊನೆಯ ನಿಯಮದ ಬಗ್ಗೆ ನನಗೆ ವಿಶೇಷ ಗೌರವ. ಅಲ್ಲಿಯವರೆಗೆ ರೈಡರ್ ಸುಮ್ಮನೆ ಬಂದು ಗೆರೆ ದಾಟಿ ಹೋಗಬಹುದಿತ್ತು, ಕ್ಯಾಚರ್ ಕಾದದ್ದು ವ್ಯರ್ಥವಾಗುತ್ತಿತ್ತು. ಈಗ ಕಾಯುವುದಕ್ಕೂ ಫಲವಿದೆ.

ಲೆಕ್ಕದ ಬೆನ್ನಿಗೇ ಬೆಲೆಯೂ ಬಂತು. 2018ರ ಹರಾಜಿನಲ್ಲಿ ಲೀಗಿನ ಮೊದಲ ಕೋಟಿ ರೂಪಾಯಿಯ ಆಟಗಾರನಾದದ್ದು ರೈಡರ್ ಅಲ್ಲ. ಇರಾನಿನ ಎಡಮೂಲೆಯ ಡಿಫೆಂಡರ್ ಫಜಲ್ ಅತ್ರಾಚಲಿಯನ್ನು ಯು ಮುಂಬಾ ತಂಡ 1 ಕೋಟಿಗೆ ಕೊಂಡಿತು. ಮುಂದೆ 500 ಟ್ಯಾಕಲ್ ಅಂಕಗಳ ಗಡಿಯನ್ನು ಮೊದಲು ದಾಟಿದವರೂ ಅವರೇ. 2023ರಲ್ಲಿ ಅದೇ ದೇಶದ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ ಕೊಟ್ಟದ್ದು 2.35 ಕೋಟಿ.

ಈ ಕಥೆಯ ಒಂದು ಕೊಂಡಿ ಕಾಸರಗೋಡಿನಲ್ಲಿದೆ. 2015ರಲ್ಲಿ ಯು ಮುಂಬಾ ಬೆಂಗಳೂರು ಬುಲ್ಸ್ ತಂಡವನ್ನು 36-30ರಿಂದ ಸೋಲಿಸಿ ಪ್ರಶಸ್ತಿ ಗೆದ್ದಾಗ ಕೋಚ್ ಆಗಿದ್ದವರು ಎಡಚೇರಿ ಭಾಸ್ಕರನ್, ಈ ಜಿಲ್ಲೆಯವರು. ಅನೂಪ್ ಕುಮಾರ್ ನಾಯಕತ್ವದ ಆ ತಂಡದಲ್ಲಿ ಸುರೇಂದರ್ ನಾಡಾ, ಮೋಹಿತ್ ಛಿಲ್ಲರ್ ಮೂಲೆಗಳನ್ನು ಕಾದರೆ, ಜೀವಾ ಕುಮಾರ್, ವಿಶಾಲ್ ಮಾನೆ ಕವರ್‌ನಲ್ಲಿದ್ದರು. ಹಿಡಿತದ ಬಲದಿಂದಲೇ ತಂಡವೊಂದು ಕಪ್ ಗೆಲ್ಲಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ. ಅತ್ರಾಚಲಿ ಲೀಗಿಗೆ ಕಾಲಿಟ್ಟದ್ದೂ ಅದೇ ತಂಡದಲ್ಲಿ.

ಇದೇ ಜಿಲ್ಲೆಯ ಕುಂಬ್ಳೆ ಎಂದೊಡನೆ ಲೋಕಕ್ಕೆ ನೆನಪಾಗುವುದು ಕ್ರಿಕೆಟ್. ಕಬಡ್ಡಿಯವರಿಗೆ ಜಗದೀಶ್ ಕುಂಬ್ಳೆ. ಅವರು 2018ರಲ್ಲಿ ಬೆಂಗಾಲ್ ವಾರಿಯರ್ಸ್, ಆಮೇಲೆ ತೆಲುಗು ಟೈಟನ್ಸ್ ತಂಡಗಳಿಗೆ ತರಬೇತಿ ಕೊಟ್ಟರು. ಬೆಂಗಾಲ್ ಮರುವರ್ಷ ಕರ್ನಾಟಕದ ಬಿ.ಸಿ. ರಮೇಶ್ ಕೈಯಲ್ಲಿ ಚಾಂಪಿಯನ್ ಆಯಿತು. 2024ರ ಮಾರ್ಚ್ 1ರಂದು ಶಾದ್ಲೂಯಿ ಇದ್ದ ಪುಣೇರಿಗೆ ಕಪ್ ಗೆಲ್ಲಿಸಿದ ಕೋಚ್ ಕೂಡ ರಮೇಶ್.

ಭಾರತ ತಂಡದ ಕೋಚ್ ಆಗಿ ಭಾಸ್ಕರನ್ ಅವರ ದೊಡ್ಡ ಪರೀಕ್ಷೆ ನಡೆದದ್ದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ. 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ ಎದುರು ಸೋತು ಭಾರತದ ಪುರುಷರು ಮೊದಲ ಬಾರಿಗೆ ಏಷ್ಯನ್ ಗೇಮ್ಸ್ ಚಿನ್ನ ಕಳೆದುಕೊಂಡಿದ್ದರು. 2023ರ ಅಕ್ಟೋಬರ್ 7ರಂದು ಅದೇ ಇರಾನ್ ಎದುರು ಫೈನಲ್. ಆಟ ಮುಗಿಯಲು ಇನ್ನೇನು ಒಂದೆರಡು ನಿಮಿಷ, ಅಂಕ 28-28. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಬದಿಯ ಲಾಬಿಗೆ ಕಾಲಿಟ್ಟರು, ಹಿಡಿಯಲು ಬೆನ್ನಟ್ಟಿದ ಇರಾನಿನ ಡಿಫೆಂಡರ್‌ಗಳೂ ಲಾಬಿಗೆ ಇಳಿದರು. ಮುಟ್ಟು ಆಗುವವರೆಗೆ ಲಾಬಿ ಅಂಕಣದ ಭಾಗವಲ್ಲ. ಹಾಗಾದರೆ ಔಟ್ ಆದವನು ರೈಡರ್ ಒಬ್ಬನೇ, ಅಥವಾ ಬೆನ್ನಟ್ಟಿದವರೆಲ್ಲರೂ? ತೀರ್ಪು ಬದಲಾಗುತ್ತ ಹೋಯಿತು, ಎರಡೂ ತಂಡಗಳು ಮ್ಯಾಟಿನ ಮೇಲೆ ಕೂತುಬಿಟ್ಟವು, ಆಟ ಬಹಳ ಹೊತ್ತು ನಿಂತಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು. ಹಿಡಿಯುವವನು ಎಲ್ಲಿಯವರೆಗೆ ಬೆನ್ನಟ್ಟಬಹುದು ಎಂಬ ಒಂದು ಪ್ರಶ್ನೆಯ ಮೇಲೆ ಏಷ್ಯಾದ ಚಿನ್ನವೇ ತೂಗಾಡಿದ ಸಂಜೆ ಅದು.

ಇಷ್ಟಾದರೂ ಕ್ಯಾಚರ್‌ನ ಆಯುಷ್ಯ ಚಿಕ್ಕದು. ಬೆರಳ ಗೆಣ್ಣುಗಳು ಮೊದಲು ಹೋಗುತ್ತವೆ, ಆಮೇಲೆ ಭುಜ, ಕೊನೆಗೆ ಮೊಣಕಾಲಿನ ಲಿಗಮೆಂಟ್. ಹಿಂದೆ ಕ್ರೀಡಾ ಕೋಟಾದ ನೌಕರಿ ಇವರ ಆಸರೆ: ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು. ಕಾರ್ಕಳ ತಾಲೂಕಿನ ಮಮತಾ ಪೂಜಾರಿಯವರಂಥ ದೊಡ್ಡ ಆಟಗಾರ್ತಿಗೂ ನೆಲೆ ಕೊಟ್ಟದ್ದು ರೈಲ್ವೆ. ಕಬಡ್ಡಿ ತಂಡ ಕಟ್ಟಿ ಸಾಕಿದ್ದ ಮಂಗಳೂರು ಮೂಲದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಲೀಗಿನ ಕೋಟಿಗಳು ಬೆರಳೆಣಿಕೆಯವರಿಗೆ. ಉಳಿದವರಲ್ಲಿ ಎಷ್ಟೋ ಮಂದಿ ಇಪ್ಪತ್ತೈದು ದಾಟುವ ಹೊತ್ತಿಗೆ ಗಲ್ಫ್ ವಿಮಾನ ಹತ್ತುತ್ತಾರೆ, ರಜೆಯಲ್ಲಿ ಬಂದಾಗ ಊರ ತಂಡಕ್ಕೆ ಮತ್ತೊಮ್ಮೆ ಮೂಲೆಯಲ್ಲಿ ನಿಲ್ಲುತ್ತಾರೆ.

ಬೈಲಿನ ಪಂದ್ಯಾಟಗಳು ಬಹಳ ಹಿಂದಿನಿಂದ ಒಂದು ಬಹುಮಾನ ಕೊಡುತ್ತ ಬಂದಿವೆ, ‘ಉತ್ತಮ ಹಿಡಿತಗಾರ’. ಸ್ಕ್ರೀನಿಲ್ಲ, ಅಂಕಿಅಂಶವಿಲ್ಲ. ವೇದಿಕೆಯ ಬದಿಯಲ್ಲಿ ಕೂತ ನಾಲ್ಕು ಜನ ಹಿರಿಯ ಆಟಗಾರರು ತಮ್ಮೊಳಗೆ ಮಾತಾಡಿಕೊಂಡು, ನಸುಕಿನ ಹೊತ್ತಿಗೆ ಒಂದು ಹೆಸರು ಹೇಳುತ್ತಾರೆ. ಕಾಸರಗೋಡಿನ ಹಳ್ಳಿಮನೆಗಳ ಚಾವಡಿಯಲ್ಲಿ ಬಣ್ಣ ಮಾಸಿದ ಆ ಟ್ರೋಫಿಗಳು ಈಗಲೂ ಇವೆ. ಒಂದೊಂದರ ಮೇಲೂ ಊರಿನ ಹೆಸರಿದೆ, ಇಸವಿ ಇದೆ. ಎಷ್ಟು ಮಂದಿಯನ್ನು ಹಿಡಿದನೆಂದು ಕೇಳಿದರೆ ಮನೆಯ ಯಜಮಾನ ಸೊಟ್ಟಗಾದ ಕಿರುಬೆರಳನ್ನು ಮುಂದೆ ಹಿಡಿದು, ಇದು ಯಾವ ಊರಿನ ಯಾವ ರೈಡರ್‌ನ ಕಾಲಿಗೆ ಸಿಕ್ಕಿ ಮುರಿದದ್ದೆಂದು ಹೇಳತೊಡಗುತ್ತಾನೆ.