ಆವನಿಯ ಐತಿಹ್ಯವೂ ಸ್ಥೂಲಕಾಯದ ಗರ್ಭಿಣಿಯ ತೀವ್ರ ನಿಗಾ ಚಿಕಿತ್ಸೆಯೂ

ಮುಳಬಾಗಿಲು ತಾಲ್ಲೂಕಿನ ಆವನಿಯು ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಸಮೂಹದಿಂದ ಇತಿಹಾಸಜ್ಞರಿಗೆ ಪರಿಚಿತವಾದುದು. ಜನಸಾಮಾನ್ಯರಿಗಾದರೋ ಅದು ವಾಲ್ಮೀಕಿಯ ಆಶ್ರಮವಿದ್ದ ಸ್ಥಳ. ಸೀತೆಯು ಲವಕುಶರನ್ನು ಹಡೆದ ನೆಲ. ಐತಿಹ್ಯವನ್ನು ಚರಿತ್ರೆಯೆಂದು ನಾವು ಗ್ರಹಿಸಬೇಕಾಗಿಲ್ಲ. ಆದರೆ ಗರ್ಭಿಣಿಗೆ ಆಶ್ರಯವೂ ಎಚ್ಚರದ ಆರೈಕೆಯೂ ಬೇಕೆಂಬ ಹಳೆಯ ತಿಳಿವಳಿಕೆಯು ಅದರಲ್ಲಿ ಅಡಗಿದೆ. ಈ ಆರೈಕೆಯು ತೀವ್ರ ನಿಗಾ ಘಟಕದವರೆಗೆ ಬೆಳೆದು ಬಂದ ಬಗೆಯನ್ನು, ವಿಶೇಷವಾಗಿ ಅತಿ ಸ್ಥೂಲಕಾಯದ ಗರ್ಭಿಣಿಯ ವಿಷಯದಲ್ಲಿ, ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

1876–78ರ ಮಹಾಕ್ಷಾಮವನ್ನು ಕಂಡ ಮೈಸೂರು ಸೀಮೆಯಲ್ಲಿ ಹಸಿವೂ ರಕ್ತಹೀನತೆಯೂ ಗರ್ಭಿಣಿಯ ದೊಡ್ಡ ಶತ್ರುಗಳಾಗಿದ್ದುವು. ಬಸುರಿಯು ಇಬ್ಬರ ಊಟ ಉಣ್ಣಬೇಕು, ಬಾಣಂತಿಯು ಹಾಸಿಗೆ ಬಿಟ್ಟೇಳಬಾರದು ಎಂಬ ಮಾತುಗಳು ಕೃಶಕಾಯಕ್ಕೆ ತಕ್ಕವು. ಬೆಂಗಳೂರಿನಲ್ಲಿ 1935ರಲ್ಲಿ ವಾಣಿವಿಲಾಸ ಆಸ್ಪತ್ರೆಯು ತೆರೆದ ಮೇಲೆ ಕಠಿಣ ಹೆರಿಗೆಗಳಿಗೆ ದೊಡ್ಡದೊಂದು ಆಸರೆಯುಂಟಾಯಿತು.

ಅತ್ತ 1946ರಲ್ಲಿ ನ್ಯೂಯಾರ್ಕಿನ ಮೆಂಡೆಲ್ಸನ್ನರು, ಅರಿವಳಿಕೆಯಲ್ಲಿರುವ ಗರ್ಭಿಣಿಯ ಜಠರರಸವು ಶ್ವಾಸಕೋಶಕ್ಕಿಳಿದು ಉಂಟುಮಾಡುವ ಅಪಾಯವನ್ನು ವಿವರಿಸಿದರು. 1952ರ ಕೋಪನ್‌ಹೇಗನ್ ಪೋಲಿಯೋ ಪಿಡುಗಿನಲ್ಲಿ ಇಬ್ಸೆನ್ನರ ಸಲಹೆಯಂತೆ ವಿದ್ಯಾರ್ಥಿಗಳು ಸರದಿಯಲ್ಲಿ ಕುಳಿತು ರೋಗಿಗಳಿಗೆ ಕೈಯಿಂದಲೇ ಉಸಿರು ನೀಡಿದರು. ತೀವ್ರ ನಿಗಾ ಘಟಕದ ಮೂಲ ಇಲ್ಲಿಯೇ.

ದೇಹತೂಕ ಸೂಚ್ಯಂಕವು 40ನ್ನು ಮುಟ್ಟಿದಲ್ಲಿ ಸ್ಥೂಲತೆಯು ತೀವ್ರವೆನಿಸುವುದು. ಇಂಥ ಗರ್ಭಿಣಿಯ ವಪೆಯು ಮೇಲಕ್ಕೊತ್ತಲ್ಪಟ್ಟು ಆಮ್ಲಜನಕದ ಸಂಚಯವು ಕುಗ್ಗುತ್ತದೆ. ಉಸಿರುಕೊಳವೆಯನ್ನು ಇಳಿಸುವುದೂ ಕಷ್ಟವಾಗುತ್ತದೆ. ಅಂಗಾತ ಮಲಗಿದರೆ ಗರ್ಭಕೋಶದ ಭಾರವು ಮಹಾಸಿರೆಯನ್ನು ಅದುಮುವುದರಿಂದ ತಲೆದೆಸೆಯನ್ನೆತ್ತಿ, ದೇಹವನ್ನು ಎಡಕ್ಕೆ ವಾಲಿಸಿ ಮಲಗಿಸಬೇಕು. ರಕ್ತದೊತ್ತಡವನ್ನಳೆಯುವ ಪಟ್ಟಿಯು ಕಿರಿದಾದರೆ ಇಲ್ಲದ ಒತ್ತಡವು ಕಾಣುತ್ತದೆ. ಕಾಲಿನ ಸಿರೆಗಳಲ್ಲಿ ರಕ್ತವು ಹೆಪ್ಪುಗಟ್ಟುವ ಭಯವಿರುವುದರಿಂದ ತೂಕಕ್ಕನುಗುಣವಾಗಿ ಹೆಪಾರಿನ್ ಕೊಡುವುದುಂಟು. ಬಾಣಂತಿಯನ್ನು ಬೇಗನೆ ಎಬ್ಬಿಸಿ ನಡೆಸುವುದೂ ಆವಶ್ಯಕ. ಹಿಂದೆ ರಕ್ಷಣೆಯೆನಿಸಿದ್ದ ನಿಶ್ಚಲವಾಸವೇ ಇಲ್ಲಿ ಕೇಡಾಗಬಹುದೆಂಬುದು ಗಮನಾರ್ಹ.

ಕರ್ನಾಟಕದಲ್ಲಿ ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣವು 2001–03ರಲ್ಲಿ 228 ಇದ್ದುದು 2018–20ರಲ್ಲಿ 69ಕ್ಕೆ ಇಳಿಯಿತು. ಪ್ರಸೂತಿಯ ತೀವ್ರ ನಿಗಾ ಘಟಕಗಳಿಗೆ ಕೇಂದ್ರ ಸರ್ಕಾರವು 2016ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಆದರೆ ಘಟಕವಿರುವುದು ನಗರದಲ್ಲಿ. ಗರ್ಭಿಣಿಯಿರುವುದು ಆವನಿಯಂಥ ಗ್ರಾಮದಲ್ಲಿ. ಸ್ಥೂಲತೆಯು ತಿಂಗಳುಗಳ ಮುಂಚೆಯೇ ಕಣ್ಣಿಗೆ ಕಾಣುವ ಅಪಾಯವಾದುದರಿಂದ, ನೋವು ಬರುವವರೆಗೆ ಕಾಯದೆ, ಮೊದಲ ತಪಾಸಣೆಯಲ್ಲಿಯೇ ಹೆರಿಗೆಯ ಸ್ಥಳವನ್ನು ನಿಶ್ಚಯಿಸುವುದು ಯುಕ್ತ. ಆಶ್ರಮದ ಕಥೆಯ ತಿರುಳೂ ಇದೇ: ಸೀತೆಯು ಆಶ್ರಯವನ್ನು ಸೇರಿದುದು ಹೆರಿಗೆಗೆ ಮುಂಚೆ.