ಡಿಶ್‌ವಾಷರ್‌ಗೆ ನೀರು ತುಂಬದಿರುವುದು

ಡಿಶ್‌ವಾಷರ್ ಶುರುವಾದರೂ ಒಳಗೆ ನೀರು ಬಾರದಿದ್ದರೆ ದೋಷ ಎಷ್ಟೋ ಸಲ ಯಂತ್ರದ ಹೊರಗೇ ಇರುತ್ತದೆ: ಮುಚ್ಚಿದ ನಲ್ಲಿ, ಮಡಚಿಕೊಂಡ ಪೈಪು, ಇಲ್ಲವೇ ಒತ್ತಡದ ಕೊರತೆ. ಹಲವು ಮಾದರಿಗಳಿಗೆ ಕನಿಷ್ಠ 0.5 ಬಾರ್ ಒತ್ತಡ ಬೇಕು. ಅಂದರೆ ತಾರಸಿಯ ಟ್ಯಾಂಕಿನ ನೀರು ಯಂತ್ರಕ್ಕಿಂತ ಸುಮಾರು 5 ಮೀಟರ್ ಎತ್ತರದಲ್ಲಿರಬೇಕು. ಮೇಲಿನ ಮಹಡಿಯ ಮನೆಗಳಿಗೆ ಇದೇ ತೊಡಕು. ಬೋರ್‌ವೆಲ್ ನೀರಿರುವಲ್ಲಿ ಪೈಪಿನ ತುದಿಯ ಸಣ್ಣ ಜಾಲರಿಯಲ್ಲಿ ಮರಳು, ಸುಣ್ಣದಂಶ ಕಟ್ಟಿಕೊಳ್ಳುತ್ತದೆ. ನಲ್ಲಿ ಮುಚ್ಚಿ, ಪ್ಲಗ್ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತಿಕ್ಕಿದರೆ ಸಾಕಾಗಬಹುದು. ಸೋರಿದ ನೀರು ತಳದ ತಟ್ಟೆಯಲ್ಲಿ ನಿಂತರೆ ಅಲ್ಲಿನ ತೇಲುಬಿರಡೆ ಮೇಲೆದ್ದು ಒಳಹರಿವನ್ನು ತಡೆಯುತ್ತದೆ. ಆಗ ಮೊದಲು ಸೋರಿಕೆಯನ್ನು ಹುಡುಕಬೇಕು. ಇವೆಲ್ಲ ಸರಿಯಿದ್ದೂ ನೀರು ಬಾರದಿದ್ದರೆ ಒಳಹರಿವಿನ ವಿದ್ಯುತ್ ವಾಲ್ವಿನ ಮೇಲೆ ಅನುಮಾನ. ಅದರ ಸುರುಳಿ ಸುಟ್ಟಿದ್ದರೆ ವಾಲ್ವನ್ನೇ ಬದಲಿಸಬೇಕಾಗುತ್ತದೆ.